ಅಳೆಯದೆ ಕಲಿತ ಅಳತೆ

ಅಡಿಗೆ ಹನ್ನೆರಡು ಅಂಗುಲ, ಮೀಟರಿಗೆ ನೂರು ಸೆಂಟಿಮೀಟರು, ಕಿಲೋಗ್ರಾಮಿಗೆ ಸಾವಿರ ಗ್ರಾಮು ಎಂದು ಪ್ರಾಥಮಿಕ ಶಾಲೆಯ ಮಗು ಮಗ್ಗಿಯಂತೆ ಒಪ್ಪಿಸುತ್ತದೆ. ಆದರೆ ಅದೇ ಮಗುವನ್ನು ಕರೆದು ‘ಈ ಬಾಗಿಲಿನ ಎತ್ತರ ಎಷ್ಟು ಮೀಟರು?’ ಎಂದು ಕೇಳಿದರೆ ಕಣ್ಣುಕಣ್ಣು ಬಿಟ್ಟು ನಿಲ್ಲುತ್ತದೆ. ಮಾನಗಳ ಹೆಸರು ಬಂದಿದೆ. ಅವುಗಳ ಗಾತ್ರ ಮನಸ್ಸಿಗೆ ಬಂದಿಲ್ಲ. ಮಾನಗಳ ಪಾಠವು ಕಂಠಪಾಠದಿಂದಲ್ಲ, ಅಳೆಯುವುದರಿಂದಲೇ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ.

ಈ ಲೋಪದಿಂದಾಗುವ ನಷ್ಟ ಅಲ್ಪವಾದುದಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಸುಣ್ಣಕಲ್ಲು ಪದರಪದರವಾಗಿ ದೊರೆಯುತ್ತದೆ. ‘ಶಹಾಬಾದ್ ಕಲ್ಲು’ ಎಂದು ಹೆಸರಾದ ಈ ಫರಸಿಯ ವ್ಯಾಪಾರ ಚದರಡಿಯ ಲೆಕ್ಕದಲ್ಲಿ. ಎರಡಡಿ ಚೌಕದ ಕಲ್ಲು ನಾಲ್ಕು ಚದರಡಿ. ಮೂರಡಿ ಚೌಕದ್ದು ಆರಲ್ಲ, ಒಂಬತ್ತು. ಎರಡಡಿಯದೆಂದು ಕೊಂಡ ಕಲ್ಲು ಉದ್ದ ಅಗಲಗಳೆರಡರಲ್ಲಿಯೂ ಒಂದೊಂದು ಅಂಗುಲ ಕಡಮೆಯಿದ್ದರೆ, ೫೭೬ ಚದರಂಗುಲದ ಬದಲು ದೊರೆಯುವುದು ೫೨೯ ಮಾತ್ರ. ನೂರು ಕಲ್ಲು ಕೊಂಡವನಿಗೆ ಎಂಟು ಕಲ್ಲಿನಷ್ಟು ನೆಲ ಬರಿದಾಗಿ ಉಳಿಯುತ್ತದೆ! ಅಡಿಗೆ ಹನ್ನೆರಡು ಅಂಗುಲವೆಂದು ಬರಿದೇ ಉರುಹಚ್ಚಿದವನು ಚದರಡಿಗೂ ಹನ್ನೆರಡೇ ಚದರಂಗುಲವೆಂದು ಭಾವಿಸುವುದುಂಟು. ಒಂದಡಿ ಚೌಕದಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ೧೪೪ನ್ನು ತಾನೇ ಎಣಿಸಿದ ಮಗು ಆ ತಪ್ಪನ್ನು ಸುಲಭವಾಗಿ ಮಾಡಲಾರದು.

ಮೊದಲು ಮಕ್ಕಳು ತಮ್ಮ ತಮ್ಮ ಗೇಣಿನಿಂದ ತರಗತಿಯ ಗೋಡೆಯನ್ನು ಅಳೆಯಲಿ. ಉತ್ತರಗಳು ಬೇರೆಬೇರೆಯಾಗಿ ಜಗಳ ಹುಟ್ಟುವುದು. ಆ ಜಗಳವೇ ಪಾಠ; ಎಲ್ಲರಿಗೂ ಒಂದೇ ಅಳತೆಗೋಲು ಏಕೆ ಬೇಕೆಂಬುದು ಆಗ ತಾನಾಗಿಯೇ ಹೊಳೆಯುತ್ತದೆ. ನಮ್ಮ ದೇಶವೂ ಈ ಪಾಠವನ್ನು ಹೀಗೆಯೇ ಕಲಿಯಿತು. ಸೇರು, ಮಣಗಳು ಊರಿಂದೂರಿಗೆ ಬೇರೆಯಾಗಿದ್ದವು. ಈ ಸೀಮೆಯು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ೧೯೫೬ರಲ್ಲಿಯೇ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. ೧೯೫೮ರಿಂದ ಮೆಟ್ರಿಕ್ ಮಾನಗಳು ಹಂತಹಂತವಾಗಿ ಪೇಟೆಯನ್ನು ಪ್ರವೇಶಿಸಿದವು. ಎಲ್ಲಿಯೂ ಎಂದಿಗೂ ಬದಲಾಗದ ಮಾನವನ್ನು ಅರಸಿದ ವಿಜ್ಞಾನಿಗಳು ಮೀಟರನ್ನು ೧೯೮೩ರಲ್ಲಿ ಬೆಳಕಿನ ವೇಗಕ್ಕೂ, ಕಿಲೋಗ್ರಾಮನ್ನು ೨೦೧೯ರಲ್ಲಿ ಪ್ಲಾಂಕ್ ಸ್ಥಿರಾಂಕಕ್ಕೂ ಕಟ್ಟಿಹಾಕಿದರು. ಗೇಣಿನ ಜಗಳಕ್ಕೆ ಅವರು ಕಂಡುಕೊಂಡ ಪರಿಹಾರವಿದು.

ಬಳಿಕ ಪ್ರತಿಯೊಂದು ಮಾನಕ್ಕೂ ಕಣ್ಣೆದುರಿನ ಒಂದು ವಸ್ತುವನ್ನು ಜೋಡಿಸಬೇಕು. ವಾಡಿ, ಸೇಡಂಗಳ ಮಕ್ಕಳು ಕಾಣುವ ಸಿಮೆಂಟಿನ ಚೀಲ ೫೦ ಕಿಲೋ. ಅಂಥ ಎರಡು ಚೀಲಗಳ ತೂಕ ಒಂದು ಕ್ವಿಂಟಲ್. ಚಿಂಚೋಳಿಯ ರೈತನ ತೊಗರಿಗೆ ಪೇಟೆಯಲ್ಲಿ ಬೆಲೆ ಕಟ್ಟುವುದು ಈ ಕ್ವಿಂಟಲಿನ ಲೆಕ್ಕದಲ್ಲಿಯೇ. ಒಂದು ಗುಂಟೆಯೆಂದರೆ ೩೩ ಅಡಿ ಚೌಕ, ಹೆಚ್ಚು ಕಡಮೆ ಹತ್ತು ಮೀಟರ್ ಚೌಕ. ಆದುದರಿಂದ ಸುಮಾರು ನೂರು ಗುಂಟೆಗೆ ಒಂದು ಹೆಕ್ಟೇರು. ಮನೆಯ ಮಾತಿನಿಂದ ಪುಸ್ತಕದ ಮಾತಿಗೆ ಇದಕ್ಕಿಂತ ಸುಗಮವಾದ ಸೇತುವೆ ಯಾವುದು?

ತರಗತಿಯಲ್ಲಿ ಮಕ್ಕಳು ಹೆಚ್ಚು, ವೇಳೆ ಕಡಮೆ, ಸಲಕರಣೆಗಳಿಲ್ಲ ಎಂದು ಉಪಾಧ್ಯಾಯರು ಹೇಳಬಹುದು. ಅವರ ಕಷ್ಟ ನಿಜವಾದುದು. ಆದರೆ ಒಂದು ದಾರ, ಒಂದು ಅಡಿಪಟ್ಟಿ, ಕಾಲಡಿಯ ಕಲ್ಲುಹಾಸು ಇಷ್ಟಿದ್ದರೆ ಸಾಕು. ಮೊದಲು ಅಂದಾಜು, ಅನಂತರ ಅಳತೆ. ಎರಡಕ್ಕೂ ಇರುವ ಅಂತರ ದಿನದಿನಕ್ಕೆ ಕಿರಿದಾಗುತ್ತ ಬಂದರೆ ಕಲಿಕೆ ಆಗುತ್ತಿದೆಯೆಂದು ತಿಳಿಯಬಹುದು.

ಪ್ರೌಢಶಾಲೆ, ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ವಾಚಕರು ಮುಂದಿನ ರಜೆಯಲ್ಲಿ ತಮ್ಮ ತಮ್ಮಂದಿರು, ತಂಗಿಯರ ಕೈಗೆ ಒಂದು ಅಳತೆಪಟ್ಟಿಯನ್ನು ಕೊಟ್ಟು ನೋಡಲಿ. ಮನೆಯ ಹೊಸ್ತಿಲಿನಿಂದಲೇ ಪಾಠ ಆರಂಭವಾಗಲಿ. ಅಳೆಯಬಲ್ಲ ಮಗುವನ್ನು ನಾಳೆ ಅಳತೆಯಲ್ಲಿ ಮೋಸಗೊಳಿಸುವುದು ಸುಲಭವಲ್ಲ.