ಬಾಟಲಿಯೊಳಗಿನ ಹಲ್ಲಿಗೆ ಏನು ಊಟ?

ಹುನಗುಂದದಿಂದ ಆರನೇ ಇಯತ್ತೆಯ ಹುಡುಗನೊಬ್ಬ ಪತ್ರ ಬರೆದಿದ್ದಾನೆ: "ಅಜ್ಜಾ, ಒಂದು ಹಲ್ಲಿ ಹಿಡಿದು ಬಾಟಲ್‌ನ್ಯಾಗ ಇಟ್ಟೀನಿ. ಮುಚ್ಚಳಕ್ಕ ತೂತು ಹಾಕೀನಿ. ಎರಡು ದಿನ ಆತು, ಜೊಂಡಿಗ ಹಾಕಿದ್ರೂ ತಿನ್ನವಲ್ದು. ಮತ್ತೇನು ಹಾಕ್ಲಿ?"

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವ, ಪ್ರಾಣಿಶಾಸ್ತ್ರ ನನ್ನ ವಿಷಯವಲ್ಲ. ಆದರೆ ಇಳಕಲ್ಲಿನ ಶಾಖೆಯಲ್ಲಿದ್ದಾಗ ಹಳೆಯ ಲೆಡ್ಜರುಗಳ ಹಿಂದೆ ಹಲ್ಲಿಗಳು ಎರಡೆರಡು ಬಿಳಿ ಮೊಟ್ಟೆ ಇಟ್ಟು ಹೋಗುತ್ತಿದ್ದವು. ಅಂದಿನಿಂದ ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿದೆ.

ಮಗಾ, ಮೊದಲು ಜೊಂಡಿಗದ ಮಾತು. ಹೊರದೇಶಗಳಲ್ಲಿ ಲೆಪರ್ಡ್ ಗೆಕೊ ಎಂಬ ಚುಕ್ಕೆಯ ಹಲ್ಲಿಯನ್ನು ಮನೆಯಲ್ಲಿ ಸಾಕುತ್ತಾರೆ. ಅಫ್ಗಾನಿಸ್ತಾನ, ಪಾಕಿಸ್ತಾನ ಕಡೆಯ ಒಣ ಕಲ್ಲುನೆಲ ಅದರ ತವರು. ಸಾಕುವವರದೊಂದು ಅಳತೆ ಇದೆ: ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳ ದಪ್ಪ ಇರಬಾರದು. ನಿನ್ನ ಜೊಂಡಿಗವನ್ನು ಅಳೆದು ನೋಡು! ಜೀವಂತ ಹುಳವನ್ನು ರಾತ್ರಿಯಿಡೀ ಜೊತೆಗೆ ಬಿಡುವುದೂ ಇಲ್ಲ. ಹಸಿದ ಹುಳ ಹಲ್ಲಿಯನ್ನೇ ಕಚ್ಚುವುದುಂಟು. ಹುಳಕ್ಕೆ ಮೊದಲು ಸೊಪ್ಪು, ಗಜ್ಜರಿ ತಿನ್ನಿಸಿ, ಮೈಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಹುಳದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಈ ಜಮಾ-ಖರ್ಚು ತಾಳೆಯಾಗದಿದ್ದರೆ ಹಲ್ಲಿಯ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ.

ಎಲ್ಲಕ್ಕಿಂತ ದೊಡ್ಡ ಅಪಾಯ ವಿಷ. ಮನೆಯಲ್ಲಿ ಜೊಂಡಿಗಕ್ಕೆ ಔಷಧಿ ಹೊಡೆದಿದ್ದರೆ, ಅಥವಾ ಔಷಧಿ ಸಿಂಪಡಿಸಿದ ಹತ್ತಿ ಹೊಲದಿಂದ ಮಿಡತೆ ತಂದಿದ್ದರೆ, ಆ ಹುಳ ತಿಂದ ಹಲ್ಲಿಗೂ ಕುತ್ತು. ಅರೆಜೀವದ ಹುಳ ಓಡಲಾರದೆ ಸುಲಭವಾಗಿ ಕೈಗೆ ಸಿಗುತ್ತದೆ, ಮೋಸ ಆಗುವುದು ಅಲ್ಲೇ. ಮಿಂಚುಹುಳವನ್ನಂತೂ ಹಾಕಲೇಬೇಡ. ಅದರ ಮೈಯಲ್ಲೇ ವಿಷವಿದೆ. ಸಾಕಿದ ಓತಿಗಳು ಮಿಂಚುಹುಳ ತಿಂದು ಸತ್ತದ್ದನ್ನು ಅಮೆರಿಕದ ವಿಜ್ಞಾನಿಗಳು 1999ರಲ್ಲಿ ಬರೆದಿದ್ದಾರೆ.

ಇಷ್ಟೆಲ್ಲ ಹೇಳಿದರೂ, ನಿನ್ನ ಹಲ್ಲಿ ಸರಿಯಾದ ಹುಳ ಹಾಕಿದರೂ ತಿನ್ನುತ್ತದೆಂಬ ಭರವಸೆ ನನಗಿಲ್ಲ. ಅದು ಗೋಡೆಯ ಮೇಲೆ ಬೆಳೆದದ್ದು, ಬಾಟಲಿಯಲ್ಲಿ ಹೆದರಿ ಕೂತಿದೆ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಕಿಟಕಿಯ ಬಿಸಿಲಿಗೆ ಬಾಟಲಿ ಒಲೆಯಾಗಲು ಎಷ್ಟು ಹೊತ್ತು? ಇವತ್ತೇ ಸಂಜೆ ಕತ್ತಲಾದ ಮೇಲೆ, ಟ್ಯೂಬ್‌ಲೈಟ್ ಇರುವ ಗೋಡೆಗೆ ಬಾಟಲಿಯ ಬಾಯಿ ಹಚ್ಚಿ ಸುಮ್ಮನೆ ನಿಲ್ಲು, ತಾನೇ ಹೊರಬರುತ್ತದೆ. ಬಾಲ ಹಿಡಿದು ಎಳೆಯಬೇಡ. ಬಾಲ ಕಳಚಿ ಬಿದ್ದರೆ ಮತ್ತೆ ಬೆಳೆಯುತ್ತದೆ ನಿಜ, ಆದರೆ ಕಷ್ಟಕಾಲಕ್ಕೆಂದು ಅದು ಕೊಬ್ಬು ಕೂಡಿಡುವುದು ಅಲ್ಲೇ. ಅದರ ಫಿಕ್ಸೆಡ್ ಡಿಪಾಸಿಟ್ ಅನ್ನು!

ಆಮೇಲೆ ಸಾಬೂನು ಹಚ್ಚಿ ಕೈ ತೊಳೆ. ಹಲ್ಲಿಯಲ್ಲಿ ವಿಷವಿಲ್ಲ, ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಹಲ್ಲಿ ಬಿದ್ದ ಸಾರನ್ನು ಅಜ್ಜಿ ಚೆಲ್ಲುವುದು ಸರಿಯೇ. ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ ನನ್ನ ವಯಸ್ಸಿನವರ ಜೊತೆ ಜಗಳ ಬೇಡ. ಹಲ್ಲಿಯನ್ನು ಕಸಬರಿಗೆಯಿಂದ ಹೊಡೆಯದಿದ್ದರೆ ಸಾಕು.

ಊಟ ಹಾಕುವ ಆಸೆ ಹೋಗಲಿಲ್ಲವೇ? ಆ ಗೋಡೆಯ ಹತ್ತಿರ ಔಷಧಿ ಹೊಡೆಯಬೇಡಿ ಅಂತ ಅಪ್ಪನಿಗೆ ಹೇಳು, ಸಂಜೆ ದೀಪ ಹಚ್ಚು. ಮೊದಲ ಮಳೆ ಬಿದ್ದ ರಾತ್ರಿ ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತಿದಾಗ ಅದಕ್ಕೆ ಹಬ್ಬದೂಟ. ಬಾಗಲಕೋಟೆಯ ನಮ್ಮ ಪಡಸಾಲೆಯ ಹಲ್ಲಿ ಏಳೂವರೆಗೆ ಗಡಿಯಾರದ ಹಿಂದಿನಿಂದ ಹೊರಡುತ್ತದೆ. ನಿನ್ನದು ಎಷ್ಟಕ್ಕೆ ಬಂತು, ಎಷ್ಟು ಹುಳ ಹಿಡಿಯಿತು, ವಹಿಯಲ್ಲಿ ಬರೆದಿಟ್ಟು ನನಗೆ ಕಳಿಸು.