ಓದಲು ಬಾರದ ಮಗುವಿಗೆ ಯಾವ ಭಾಷೆಯ ಕಾರ್ಡು?

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ಯುವ ಸಂಘಗಳಿಗೆ ಕೈತುಂಬ ಕೆಲಸ. ಗೋದಲಿ ಕಟ್ಟಬೇಕು, ನಕ್ಷತ್ರ ತೂಗಬೇಕು, ಕ್ಯಾರಲ್ಸ್ ಅಭ್ಯಾಸ ಆಗಬೇಕು. ಅದರ ನಡುವೆ ಪುಟ್ಟ ಮಕ್ಕಳಿಗೆ ಕೈಯಾರೆ ಕಾರ್ಡು ಮಾಡಿ ಕೊಡುವವರೂ ಇದ್ದಾರೆ. ಒಳ್ಳೆಯದೇ. ಆದರೆ ಹಾಗೆ ತಯಾರಾಗುವ ಕಾರ್ಡುಗಳನ್ನು ಒಮ್ಮೆ ಮೇಜಿನ ಮೇಲೆ ಹರಡಿ ನೋಡಿ. ಮಿನುಗು ಪುಡಿ, ಮಣಿ, ಲೇಸು, ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ 'ಮೆರ್ರಿ ಕ್ರಿಸ್ಮಸ್'. ಸ್ಪರ್ಧೆಯ ತೀರ್ಪುಗಾರರಿಗೆ ಮಾಡಿದ ಹಾಗಿರುತ್ತದೆ, ಮಗುವಿಗೆ ಮಾಡಿದ ಹಾಗಿರುವುದಿಲ್ಲ.

ಕನ್ನಡದಲ್ಲಿ ಬರೆಯಬಹುದಿತ್ತಲ್ಲ ಎಂದರೆ ಉತ್ತರ ಸಿದ್ಧ: "ಆ ಮಗುವಿಗೆ ಕನ್ನಡ ಓದಲು ಎಲ್ಲಿ ಬರುತ್ತದೆ?" ನಿಜ, ಬರುವುದಿಲ್ಲ. ಆದರೆ ಮೂರು ವರ್ಷದ ಮಗುವಿಗೆ ಇಂಗ್ಲಿಷ್ ಓದಲೂ ಬರುವುದಿಲ್ಲ, ಮಲಯಾಳ ಓದಲೂ ಬರುವುದಿಲ್ಲ. ಯಾವ ಭಾಷೆಯಲ್ಲಿ ಬರೆದರೂ ಯಾರಾದರೂ ತೊಡೆಯ ಮೇಲೆ ಕೂರಿಸಿಕೊಂಡು ಓದಿ ಹೇಳಲೇಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಓದಿ ಹೇಳುವವರು ಯಾರು?

ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ಗಲ್ಫಿನಲ್ಲಿ, ಅಮ್ಮ ಕೆಲಸದಲ್ಲಿ. ಹಗಲಿಡೀ ಮಗು ಇರುವುದು ಅಜ್ಜ ಅಜ್ಜಿಯ ಹತ್ತಿರ. ಮನೆಮಾತು ಕೊಂಕಣಿಯೋ ತುಳುವೋ ಇರಬಹುದು, ಆದರೆ ಆ ಅಜ್ಜಿ ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ನಡೆದುಕೊಂಡು ಬಂದವು. ಅಜ್ಜಿ ಪ್ರಾರ್ಥನೆ ಪುಸ್ತಕ ಓದುವುದೂ ಮದುವೆ ಕಾಗದ ಓದುವುದೂ ಆ ಲಿಪಿಯಲ್ಲೇ. ಇಂಗ್ಲಿಷ್ ಕಾರ್ಡು ಬಂದರೆ ಅವರು ಅದನ್ನು ತಿರುಗಿಸಿ ನೋಡಿ "ಚೆಂದ ಉಂಟು" ಎಂದು ಶೋಕೇಸಿನಲ್ಲಿ ಇಡುತ್ತಾರೆ. ಕನ್ನಡದ ಕಾರ್ಡು ಬಂದರೆ ಓದುತ್ತಾರೆ. ಮಗು ಬಿಡುವುದಿಲ್ಲ, ಹತ್ತು ಸಲ ಓದಿಸುತ್ತದೆ. ನನ್ನ ವಾದ ಇಷ್ಟೇ. ಮಕ್ಕಳನ್ನು ಯಾವ ಮೀಡಿಯಂಗೆ ಸೇರಿಸಬೇಕೆಂಬ ಜಗಳಕ್ಕೆ ನಾನು ಇಳಿಯುತ್ತಿಲ್ಲ, ಅದು ತಂದೆತಾಯಿಗೆ ಬಿಟ್ಟದ್ದು.

ಕಾರ್ಡು ಎನ್ನುವುದೇ ಇಂಗ್ಲಿಷರ ಪದ್ಧತಿಯಲ್ಲವೇ ಎನ್ನುವವರೂ ಇದ್ದಾರೆ. ಹೌದು, ಮೊದಲ ಕ್ರಿಸ್ಮಸ್ ಕಾರ್ಡನ್ನು ಹೆನ್ರಿ ಕೋಲ್ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದು 1843ರಲ್ಲಿ. ಅದೇ ವರ್ಷದ ಜುಲೈಯಲ್ಲಿ ನಮ್ಮ ಪಕ್ಕದ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಆ ಕಾರ್ಡಿನಷ್ಟೇ ವಯಸ್ಸು ನಮ್ಮ ಪತ್ರಿಕೆಗಳಿಗೂ ಆಗಿದೆ. ಕನ್ನಡ ಅಕ್ಷರ ಕಾರ್ಡಿಗೆ ಒಗ್ಗುವುದಿಲ್ಲ ಎಂದು ಹೇಗೆ ಹೇಳುವುದು?

ಇನ್ನು ಮಾಡುವ ರೀತಿ. ಎ4 ಅಳತೆಯ ದಪ್ಪ ಚಾರ್ಟ್ ಪೇಪರನ್ನು ನಡುವೆ ಮಡಚಿ. ಮಡಿಕೆಯ ಕಡೆಯಿಂದ 3 ಸೆಂ.ಮೀ. ಅಂತರದಲ್ಲಿ, 4 ಸೆಂ.ಮೀ. ಉದ್ದಕ್ಕೆ, ಎರಡು ಸಮಾನ ಗೀರು ಕತ್ತರಿಸಿ. ಆ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಮಡಚಿ, ಕಾರ್ಡು ಬಿಡಿಸಿ, ಪಟ್ಟಿಯನ್ನು ಒಳಕ್ಕೆ ತಳ್ಳಿ. ಕಾರ್ಡನ್ನು ಅರ್ಧ ತೆರೆದರೆ ಒಂದು ಪುಟ್ಟ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಅದರ ಮುಖಕ್ಕೆ ಒಂದು ಕುರಿಮರಿಯ ಚಿತ್ರ ಅಂಟಿಸಿ. ಚಿತ್ರದ ಎತ್ತರ 10 ಸೆಂ.ಮೀ. ದಾಟಬಾರದು, ದಾಟಿದರೆ ಕಾರ್ಡು ಮುಚ್ಚಿದಾಗ ತಲೆ ಹೊರಗೆ ಇಣುಕುತ್ತದೆ. ಹಿಂದೆ ಇನ್ನೊಂದು ಹಾಳೆ ಅಂಟಿಸಿದರೆ ಗೀರಿನ ತೂತು ಕಾಣುವುದಿಲ್ಲ. ಪೆಟ್ಟಿಗೆಯ ಭಾಗಕ್ಕೆ ಮಾತ್ರ ಅಂಟು ತಾಗಬಾರದು. ಚಿತ್ರ ಕತ್ತರಿಸಲು ಹೊಸ ಕಾಗದ ಬೇಡ, ಮನೆಯಲ್ಲಿ ರಾಶಿ ಬಿದ್ದಿರುವ ಮದುವೆ ಕಾಗದಗಳೇ ಧಾರಾಳ.

ಮಗು ಇದನ್ನು ಬಾಯಿಗೆ ಹಾಕಿಯೇ ಹಾಕುತ್ತದೆ. ಅದಕ್ಕಾಗಿ ಮಣಿ, ಅಲುಗುವ ಪ್ಲಾಸ್ಟಿಕ್ ಕಣ್ಣು, ಸ್ಟೇಪ್ಲರ್ ಪಿನ್ನು ಯಾವುದೂ ಬೇಡ. ಮಿನುಗು ಪುಡಿ ಹೆಚ್ಚಿನದೂ ಪ್ಲಾಸ್ಟಿಕ್ಕೇ. ಅಂಟಿಗೆ ಮೈದಾ ಕುದಿಸಿದರೆ ಸಾಕು, ಆದರೆ ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತು ಸೇರಿಸುವ ಹಳೆಯ ಕ್ರಮ ಇಲ್ಲಿ ಖಂಡಿತ ಬೇಡ. ಅಡಿಕೆಗೆ ಹೊಡೆಯುವ ಮದ್ದಿಗೆ ಹಾಕುವ ಅದೇ ಮೈಲುತುತ್ತು, ವಿಷ. ಜಿರಳೆ ತಿಂದರೆ ತಿನ್ನಲಿ, ಕಾರ್ಡು ಅಷ್ಟು ದಿನ ಉಳಿಯುವುದೂ ಇಲ್ಲ. ಲ್ಯಾಮಿನೇಷನ್ ಮಾಡಿಸುವ ಉಪಾಯವೂ ನನಗೆ ಹಿಡಿಸುವುದಿಲ್ಲ, ಗಟ್ಟಿಯಾದ ಮೂಲೆ ಚುಚ್ಚುತ್ತದೆ. ಹರಿದರೆ ಮಗು ಚೆನ್ನಾಗಿ ಆಡಿದೆ ಎಂದೇ ಅರ್ಥ.

ಏನು ಬರೆಯುವುದು? ಶುಭಾಶಯದ ಉದ್ದ ಸಾಲು ಬೇಡ. ಹೊರಗೆ "ಕುರಿಮರಿ ಎಲ್ಲಿ?" ಒಳಗೆ "ಇಲ್ಲಿ!" ಅಷ್ಟೇ. ಅದರ ಕೆಳಗೆ ಮಗುವಿನ ಹೆಸರು, ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ, ಕಪ್ಪು ಶಾಯಿಯಲ್ಲಿ. ಬಂಗಾರದ ಬಣ್ಣದ ಪೆನ್ನು ಹಿರಿಯರ ಕಣ್ಣಿಗೆ ಕಾಣುವುದಿಲ್ಲ. ಹೆಸರಿನ ವಿಷಯದಲ್ಲಿ ಎಚ್ಚರ ಇರಲಿ. ಈಗಿನ ಹೆಸರುಗಳು ಜನನ ಪತ್ರದಲ್ಲಿ, ಆಧಾರದಲ್ಲಿ ಇಂಗ್ಲಿಷಿನಲ್ಲೇ ಹುಟ್ಟಿದವು, ಕೆಲವು ಮಕ್ಕಳ ಹೆಸರನ್ನು ಕನ್ನಡದಲ್ಲಿ ಯಾರೂ ಒಮ್ಮೆಯೂ ಬರೆದಿರಲಿಕ್ಕಿಲ್ಲ. 'ರಯಾನ್' ಎಂದು ಬರೆಯಬೇಕೋ 'ರಿಯಾನ್' ಎಂದೋ? ಮೊದಲೇ ಮನೆಗೆ ಫೋನ್ ಮಾಡಿ, ಅಜ್ಜಿ ಹೇಗೆ ಕರೆಯುತ್ತಾರೆಂದು ಕೇಳಿ, ಹಾಗೆಯೇ ಬರೆಯಿರಿ.

ಕಾರ್ಡು ಕೊಡುವಾಗ ಮಗುವನ್ನು ಎತ್ತಿಕೊಂಡು ಸ್ಟೇಟಸ್ಸಿಗೆ ಫೋಟೋ ತೆಗೆದು ಮುಂದಿನ ಮನೆಗೆ ಓಡಬೇಡಿ. ಐದು ನಿಮಿಷ ಕುಳಿತುಕೊಳ್ಳಿ. ಅಜ್ಜಿಗೆ ಕನ್ನಡಕ ಹುಡುಕಲು ಅಷ್ಟಾದರೂ ಸಮಯ ಬೇಕು.