ಐಡಲ್ ತೆರೆಯದಿದ್ದಾಗ

ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಆಸಕ್ತಿಯಿಂದ ಕಲಿಯುವವರು ಹೆಚ್ಚುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಕಂಪ್ಯೂಟರ್ ಕೊಠಡಿಯಲ್ಲಿ ಬೇರೂರುತ್ತಿರುವ ಒಂದು ಅಭ್ಯಾಸದ ವಿಷಯವಾಗಿ ವಿದ್ಯಾರ್ಥಿ ಮಿತ್ರರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಪೈಥಾನಿನಲ್ಲಿ ಬರೆಯಲು ನಾವು ಬಳಸುವ ‘ಐಡಲ್’ ತೆರೆಯದೆ ಹೋದೊಡನೆ, ಕಾರಣವೇನೆಂದು ವಿಚಾರಿಸದೆ, ಪೈಥಾನನ್ನೇ ಯಂತ್ರದಿಂದ ಕಿತ್ತುಹಾಕಿ ಪುನಃ ಸ್ಥಾಪಿಸುವುದೇ ಆ ಅಭ್ಯಾಸ. ನಾಡಿ ಹಿಡಿದು ನೋಡದೆ ಔಷಧಿ ಕೊಡುವ ವೈದ್ಯನ ಕ್ರಮವಿದು. ಇದರಿಂದ ಅನೇಕ ವೇಳೆ ರೋಗವೂ ವಾಸಿಯಾಗುವುದಿಲ್ಲ.

ಏಕೆ ವಾಸಿಯಾಗದೆಂಬುದನ್ನು ತಿಳಿಯಬೇಕಾದರೆ ಐಡಲಿನ ಒಳಗನ್ನು ಸ್ವಲ್ಪ ನೋಡಬೇಕು. ಪೈಥಾನ್ ಭಾಷೆಯನ್ನು ಗೈಡೋ ವಾನ್ ರೋಸಮ್ ಎಂಬವರು ರಚಿಸಿ 1991ರಲ್ಲಿ ಲೋಕಕ್ಕೆ ಕೊಟ್ಟರು. ಆ ಭಾಷೆಯೊಡನೆ ಬರುವ ಐಡಲ್ ನಮ್ಮ ಕಣ್ಣಿಗೆ ಒಂದೇ ಕಿಟಕಿಯಾಗಿ ಕಂಡರೂ ಅದರಲ್ಲಿ ದುಡಿಯುವವರು ಇಬ್ಬರು. ಒಬ್ಬನು ಕಿಟಕಿಯನ್ನು ತೋರಿಸಿ ನಾವು ಬರೆದುದನ್ನು ಸ್ವೀಕರಿಸುತ್ತಾನೆ. ಇನ್ನೊಬ್ಬನು ತೆರೆಯ ಮರೆಯಲ್ಲಿದ್ದು ಅದನ್ನು ನಡೆಸುತ್ತಾನೆ. ಇಬ್ಬರೂ 127.0.0.1 ಎಂಬ ವಿಳಾಸದ ಮೂಲಕ, ಅಂದರೆ ಆ ಯಂತ್ರದೊಳಗೇ, ಪರಸ್ಪರ ಮಾತನಾಡಿಕೊಳ್ಳುತ್ತಾರೆ. ಎರಡನೆಯವನು ಏಳದಿದ್ದರೆ, ಅಥವಾ ಎದ್ದರೂ ಉತ್ತರ ಕೊಡದಿದ್ದರೆ, ಮೊದಲನೆಯವನು ‘ಸಬ್‌ಪ್ರಾಸೆಸ್ ಸಂಪರ್ಕಕ್ಕೆ ಬರಲಿಲ್ಲ’ ಎಂಬರ್ಥದ ಇಂಗ್ಲಿಷ್ ಸೂಚನೆಯನ್ನು ತೋರಿಸಿ ಸುಮ್ಮನಾಗುತ್ತಾನೆ.

ಇದರ ಒಂದು ಸಾಮಾನ್ಯವಾದ ಕಾರಣವು ವಿನೋದಮಯವಾದುದು. ಪೈಥಾನ್ ಕಲಿಯುವವರು ಬಹು ಬೇಗನೆ ಬರೆಯುವ ಆಟವೆಂದರೆ ಯಂತ್ರವು ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ಊಹಿಸುವ ಆಟ. ಅದಕ್ಕೆ ‘ರ್‍ಯಾಂಡಮ್’ ಎಂಬ ಸಿದ್ಧ ಘಟಕವು ಬೇಕು. ಆದುದರಿಂದ ಹುಡುಗನು ತನ್ನ ಫೈಲಿಗೂ ‘ರ್‍ಯಾಂಡಮ್ ಡಾಟ್ ಪಿವೈ’ ಎಂದೇ ಹೆಸರಿಡುತ್ತಾನೆ. ಹೆಸರಿನಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥ ಘಟಕವು ಬೇಕಾದಾಗ ಪೈಥಾನ್ ಮೊದಲು ಹುಡುಕುವುದು ನಾವು ಕೆಲಸ ಮಾಡುತ್ತಿರುವ ಫೋಲ್ಡರಿನಲ್ಲಿ, ತನ್ನ ಸ್ವಂತ ಭಂಡಾರವನ್ನು ನೋಡುವುದು ಅನಂತರ. ನಿಜವಾದ ರ್‍ಯಾಂಡಮನ್ನು ಕರೆದಾಗ ಹುಡುಗನ ಫೈಲು ‘ನಾನೇ’ ಎಂದು ಎದ್ದು ಬರುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ಶೆಟ್ಟರಿದ್ದರೆ ಹಾಜರಿಯ ವೇಳೆಯಲ್ಲಿ ಆಗುವ ಗೊಂದಲವೇ ಇಲ್ಲಿಯೂ ಆಗುವುದು. ಆಟಕ್ಕೆ ಮಾತ್ರವಲ್ಲ, ಐಡಲಿಗೂ ಒಳಗೊಳಗೆ ಇಂಥ ಘಟಕಗಳು ಬೇಕಾದುದರಿಂದ ಅದು ಏಳುವಾಗಲೇ ಮುಗ್ಗರಿಸುತ್ತದೆ.

ಇಂಥಲ್ಲಿ ಪೈಥಾನನ್ನು ಹತ್ತು ಸಲ ಕಿತ್ತು ಹತ್ತು ಸಲ ಸ್ಥಾಪಿಸಿದರೂ ಹುಡುಗನ ಫೈಲು ಇದ್ದಲ್ಲಿಯೇ ಇರುತ್ತದೆ. ಬೇಕಾದುದು ಅದರ ಹೆಸರನ್ನು ‘ಊಹೆಯ ಆಟ’ ಎಂಬರ್ಥ ಬರುವಂತೆ ಬದಲಾಯಿಸುವುದಷ್ಟೇ. ಅದಕ್ಕೆ ಅರ್ಧ ನಿಮಿಷವೂ ಹಿಡಿಯದು. ಎರಡನೆಯ ಕಾರಣವೂ ಹೀಗೆಯೇ. ನಾವು ಆರಿಸಿದ ಅಕ್ಷರದ ಗಾತ್ರ, ಬಣ್ಣ ಮೊದಲಾದವುಗಳನ್ನು ಐಡಲ್ ನಮ್ಮ ಹೆಸರಿನ ಫೋಲ್ಡರಿನಲ್ಲಿ, ಚುಕ್ಕೆಯಿಂದ ಆರಂಭವಾಗುವ ‘ಐಡಲ್‌ಆರ್‌ಸಿ’ ಎಂಬ ಒಳಫೋಲ್ಡರಿನಲ್ಲಿ ಕಾಪಾಡಿರುತ್ತದೆ. ಅದು ಕೆಟ್ಟರೆ ಐಡಲ್ ಏಳದು. ಪುನಃಸ್ಥಾಪನೆಯು ಅದನ್ನೂ ಮುಟ್ಟುವುದಿಲ್ಲ. ಅದಕ್ಕೆ ಬೇರೊಂದು ಹೆಸರಿಟ್ಟು ನೋಡಿದರೆ ಸಂಶಯವು ತೀರಿತು.

ನಲವತ್ತು ನಿಮಿಷಗಳ ಪಾಠದಲ್ಲಿ ಇಷ್ಟೆಲ್ಲ ವಿಚಾರಣೆಗೆ ಅವಕಾಶವೆಲ್ಲಿದೆಯೆಂದು ಕೇಳುವವರಿದ್ದಾರೆ. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಸಿಕ್ಕಿಕೊಂಡಿದ್ದ ಹಳೆಯ ಕೆಲಸವು ಅದರಿಂದ ಬಿಡುಗಡೆಯಾಗುವುದುಂಟು. ಆದರೆ ಪುನಃಸ್ಥಾಪನೆಗೆ ತಗಲುವ ಕಾಲಕ್ಕಿಂತ ಕಡಮೆ ಕಾಲದಲ್ಲಿ ಕಾರಣವನ್ನೇ ಕೇಳಿ ತಿಳಿಯಬಹುದು. ನಮ್ಮ ಫೈಲುಗಳಿರುವ ಫೋಲ್ಡರಿನಲ್ಲಿ ಕಪ್ಪು ಕಿಟಕಿಯನ್ನು, ಅಂದರೆ ಕಮಾಂಡ್ ಪ್ರಾಂಪ್ಟನ್ನು, ತೆರೆದು ‘ಪೈಥಾನ್ -ಎಂ ಐಡಲ್‌ಲಿಬ್’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ, ಚಿತ್ರವನ್ನೊತ್ತಿದಾಗ ಮೌನವಾಗಿದ್ದ ಐಡಲ್ ತನ್ನ ದುಃಖವನ್ನೆಲ್ಲ ಅಲ್ಲಿ ತೋಡಿಕೊಳ್ಳುತ್ತದೆ. ಕೊನೆಯ ಸಾಲನ್ನು ಮೊದಲು ಓದಬೇಕು. ದೋಷದ ಹೆಸರು ಇರುವುದು ಅಲ್ಲಿ. ಅದರ ಮೇಲಿನ ಸಾಲುಗಳಲ್ಲಿ ಯಾವ ಫೈಲು, ಎಷ್ಟನೆಯ ಸಾಲು ಎಂಬ ವಿವರವಿರುತ್ತದೆ. ಅಲ್ಲಿ ನಮ್ಮದೇ ಫೈಲಿನ ಹೆಸರು ಕಂಡರೆ ಕಳ್ಳನು ಸಿಕ್ಕಿದಂತೆಯೇ. 2024ರಲ್ಲಿ ಹೊರಬಂದ ಪೈಥಾನ್ 3.13ರಿಂದೀಚೆಗೆ, ಈ ಬಗೆಯ ಹೆಸರಿನ ಘರ್ಷಣೆಯಿದ್ದರೆ ಫೈಲಿನ ಹೆಸರನ್ನು ಬದಲಾಯಿಸಿರೆಂದು ಸಂದೇಶವೇ ಸಲಹೆ ಕೊಡುವುದುಂಟು.

ಆ ಸಾಲನ್ನು ನಮ್ಮ ಮಕ್ಕಳು ಓದದೆ ಮುಚ್ಚಿಬಿಡುತ್ತಾರೆಂಬುದೇ ನನ್ನ ನಿಜವಾದ ಕೊರಗು. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ ಹಿಂದಿ, ಇಷ್ಟನ್ನೂ ಲೀಲಾಜಾಲವಾಗಿ ಆಡುವ ಮುಂಬಯಿಯ ಹುಡುಗಿಯು ಕೆಂಪಕ್ಷರದ ನಾಲ್ಕು ಇಂಗ್ಲಿಷ್ ಪದಗಳ ಮುಂದೆ ‘ನಾನು ಕನ್ನಡ ಮಾಧ್ಯಮದವಳು, ಸರ್’ ಎಂದು ಕೈಚೆಲ್ಲುತ್ತಾಳೆ. ಇದನ್ನು ನಾನು ಒಪ್ಪಲಾರೆ. ಅಲ್ಲಿರುವುದು ಇಂಗ್ಲಿಷ್ ಸಾಹಿತ್ಯವಲ್ಲ. ಇಪ್ಪತ್ತು ಮೂವತ್ತು ಪದಗಳು ತಿರುತಿರುಗಿ ಬರುತ್ತವೆ, ಅಷ್ಟೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಅವು ಮೊದಲ ದಿನ ಅಷ್ಟೇ ಅಪರಿಚಿತ. ಕೇಂಬ್ರಿಜಿನಲ್ಲಿ ಎಡ್‌ಸ್ಯಾಕ್ ಯಂತ್ರವನ್ನು ಕಟ್ಟಿದ ಮಾರಿಸ್ ವಿಲ್ಕ್ಸರಿಗೆ, ತಮ್ಮ ಉಳಿದ ಆಯುಷ್ಯದ ದೊಡ್ಡ ಭಾಗವು ತಮ್ಮದೇ ಪ್ರೋಗ್ರಾಮುಗಳ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆಯೆಂದು 1949ರಲ್ಲಿಯೇ ಮನವರಿಕೆಯಾಯಿತಂತೆ. ಇಂಗ್ಲಿಷ್ ಅವರ ಮಾತೃಭಾಷೆಯಾಗಿತ್ತು!

ಆದುದರಿಂದ ಕಂಪ್ಯೂಟರ್ ಕೊಠಡಿಯ ಬಾಗಿಲ ಬಳಿ ಒಂದು ದಪ್ಪ ನೋಟುಪುಸ್ತಕವನ್ನು ತೂಗುಹಾಕಬೇಕೆಂಬುದು ನನ್ನ ಸೂಚನೆ. ತಾರೀಖು, ಯಂತ್ರದ ಸಂಖ್ಯೆ, ಕಂಡ ಸಂದೇಶ, ಕಾರಣ, ಪರಿಹಾರ, ಇವನ್ನು ದೋಷ ಕಂಡವರೇ ಅಚ್ಚ ಕನ್ನಡದಲ್ಲಿ ಬರೆದಿಡಲಿ. ಸಂದೇಶವನ್ನು ಮಾತ್ರ ಇದ್ದ ಹಾಗೆಯೇ, ಒಂದಕ್ಷರವನ್ನೂ ಬಿಡದೆ ನಕಲು ಮಾಡತಕ್ಕದ್ದು. ಮುಂದಿನ ಜೂನಿನಲ್ಲಿ ಹೊಸ ತರಗತಿಯು ಒಳಗೆ ಬಂದು, ಅವರಲ್ಲೊಬ್ಬರು ತಮ್ಮ ಫೈಲಿಗೆ ‘ರ್‍ಯಾಂಡಮ್’ ಎಂದು ಹೆಸರಿಟ್ಟಾಗ, ಮೊದಲ ಪುಟದಲ್ಲಿಯೇ ಅದಕ್ಕೆ ಉತ್ತರವಿರುತ್ತದೆ.